ಎಡಗೈ ಎತ್ತುವ ಮಕ್ಕಳು

ರಿಯಾಲಿನ್ ನಮ್ಮ ಶಾಲೆಗೆ ಬಂದ ಮೊದಲ ವಾರವೇ ತರಗತಿಯಲ್ಲಿ ನಿಂತು ಅತ್ತಳು. ಬಾಗಿಲನ್ನಾದರೂ ಹಾಕಿಕೊಳ್ಳಬಾರದೇ? ಇಲ್ಲ. ಒಂದನೇ ತರಗತಿಯ ಮಕ್ಕಳು ಬೆಂಚಿನಿಂದ ಬೆಂಚಿಗೆ ಹಾರುತ್ತಿದ್ದರೆ, ಟೀಚರ್ ಎನ್ನಿಸಿಕೊಂಡವಳು ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡು, ಮೂಗು ಒರೆಸಿಕೊಳ್ಳುತ್ತ ಊರಿಗೆಲ್ಲ ಕಾಣುವ ಹಾಗೆ ಅತ್ತಳು. ನಾನು ಪಕ್ಕದ ಕೋಣೆಯವಳು. ಒಂದನೇ ತರಗತಿಯ ಎರಡನೇ ವಿಭಾಗ ನನ್ನದು. ಎರಡು ಕೋಣೆಗಳ ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ. ಆಚೆ ಯಾರಾದರೂ ಸೀನಿದರೆ ಈಚೆ ನನ್ನ ಮಕ್ಕಳು ನಗುತ್ತಾರೆ.

ಆ ಗೋಡೆಯ ಆಚೆಯಿಂದಲೇ ನನಗೆ ಮಾನಾಂಗ್ ಸಿಯಾ ಅವರ ದನಿ ಕೇಳಿಸಿತು.

"ಅತ್ತು ಮುಗೀತಾ ಇಂದಾಯ್? ಇಲ್ಲಾಂದ್ರೆ ಇನ್ನೂ ಸ್ವಲ್ಪ ಅತ್ಕೋ. ಈ ಕೋತಿಗಳನ್ನ ಅಲ್ಲೀವರೆಗೆ ನಾನು ನೋಡ್ಕೋತೀನಿ."

ಇಂದಾಯ್! ನಮ್ಮ ಗಿಮಾರಾಸ್ ದ್ವೀಪದಲ್ಲಿ ಮನೆಮಗಳನ್ನು ಮುದ್ದಿನಿಂದ ಕರೆಯುವ ಮಾತು ಅದು. ಬಂದು ಇನ್ನೂ ಒಂದು ವಾರ ತುಂಬದವಳಿಗೆ ಇಂದಾಯ್. ಒಂಬತ್ತು ವರ್ಷದಿಂದ ಅದೇ ಶಾಲೆಯಲ್ಲಿ ಗಂಟಲು ಹರಿದುಕೊಳ್ಳುತ್ತಿರುವ ನಾನು ಅವರಿಗೆ 'ಮ್ಯಾಮ್ ರೊಸೆಂಡಾ'. ಅಂಚೆಯವನು ಕರೆಯುವ ಹಾಗೆ.

ಮಾನಾಂಗ್ ಎಂದರೆ ಅಕ್ಕ. ಕೊನ್ಸೊರ್ಸಿಯಾ ಎಂಬ ಅವರ ಪೂರ್ತಿ ಹೆಸರನ್ನು ಯಾರೂ ಬಳಸುವುದಿಲ್ಲ. ಅವರು ನಮ್ಮ ಶಾಲೆಯ ಮಾಸ್ಟರ್ ಟೀಚರ್. ಹೊಸದಾಗಿ ಬಂದ ಶಿಕ್ಷಕರನ್ನು ಕೈಹಿಡಿದು ನಡೆಸುವುದೇ ಆ ಹುದ್ದೆಯ ಕೆಲಸ. ಅವರ ಕೈಗೆ ಸಿಕ್ಕ ಒಂದನೇ ತರಗತಿಯ ಮಗು ಓದಲು ಬರದೆ ಎರಡನೆಯದಕ್ಕೆ ಹೋದದ್ದಿಲ್ಲ ಎಂದು ದೋಣಿ ನಡೆಸುವವರೂ ಹೇಳುತ್ತಾರೆ. ಈ ವರ್ಷದ ಕೊನೆಗೆ ಅವರಿಗೆ ನಿವೃತ್ತಿ. ತಮ್ಮ ತರಗತಿಯನ್ನು ರಿಯಾಲಿನ್‌ಗೆ ಒಪ್ಪಿಸಿ, ಅವಳ ಹಿಂದೆಯೇ ಒಂದು ಕುರ್ಚಿ ಹಾಕಿಕೊಂಡು, ಅಡಿಕೆ ಹಾಳೆಯಂಥ ಬೀಸಣಿಗೆ ಬೀಸುತ್ತ ಕೂತುಬಿಟ್ಟರು.

ನಾನು ಬಂದಾಗ ಅವರು ನನ್ನ ತರಗತಿಯಲ್ಲಿ ಕೂತದ್ದು ಒಂದೇ ಸಲ. ಅದೂ ಆಗಿನ ಜಿಲ್ಲಾ ಸೂಪರ್‌ವೈಸರ್ ಪಾಠ ನೋಡಲು ಬಂದಾಗ ಅವರ ಜೊತೆಗೆ. ಪಾಠ ತೋರಿಸುವ ದಿನ ಹೇಗಿರುತ್ತದೆ ಎಂದು ನಮ್ಮ ಕಡೆಯ ಯಾವ ಟೀಚರನ್ನು ಬೇಕಾದರೂ ಕೇಳಿ. ಹಿಂದಿನ ದಿನ ನಿದ್ದೆ ಇಲ್ಲ. ಬಣ್ಣದ ರಟ್ಟು ಕತ್ತರಿಸಿ, ಚಿತ್ರ ಬರೆದು, ಮಕ್ಕಳಿಗೆ ಎಣ್ಣೆ ಹಚ್ಚಿ ತಲೆ ಬಾಚಿಸಿ, ಕೊನೆಗೆ ನೋಡಲು ಬಂದವರಿಗೆಲ್ಲ ಸಿಗಡಿ ಹಾಕಿದ ಪಾನ್ಸಿತ್ ಶಾವಿಗೆ ಮಾಡಿ ಬಡಿಸಬೇಕು. ಪಾಠ ಕೆಟ್ಟರೂ ಶಾವಿಗೆ ಕೆಡಬಾರದು.

ನನ್ನದು ಎರಡೂ ಕೆಡಲಿಲ್ಲ. ಕಾಲೇಜಿನ ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ಒಂದು ಉಪಾಯ ಹೇಳಿಕೊಟ್ಟಿದ್ದಳು. ಮಕ್ಕಳಿಗೆ ಮೊದಲೇ ಹೇಳಿಡುವುದು: ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಿ, ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಹಿಂದೆ ಕೂತವರಿಗೆ ಕಾಣುವುದು ಕೈಗಳ ಕಾಡು. ನಾನು ಬಲಗೈ ನೋಡಿ ಹೆಸರು ಕರೆದರಾಯಿತು. ಸೂಪರ್‌ವೈಸರ್ ಬಾಯಿ ತೆರೆದುಕೊಂಡು ಕೂತಿದ್ದರು. ಶಾವಿಗೆ ತಿನ್ನುವಾಗ ನನ್ನನ್ನು ಹಾಡಿ ಹೊಗಳಿದರು. ಮಾನಾಂಗ್ ಮಾತ್ರ ಏನೂ ಹೇಳದೆ ತಟ್ಟೆ ಇಟ್ಟು ಎದ್ದುಹೋದರು. ಅದೇ ಕೊನೆ. ಮತ್ತೆ ಅವರು ನನ್ನ ಬಾಗಿಲು ದಾಟಲಿಲ್ಲ. ನನ್ನ ಮುಖ ಅವರಿಗೆ ಹಿಡಿಸಲಿಲ್ಲ ಎಂದುಕೊಂಡೆ. ಕೆಲವರಿಗೆ ಕೆಲವರನ್ನು ಕಂಡರೆ ಆಗುವುದಿಲ್ಲ, ಏನು ಮಾಡುವುದು?

ಈಗ ದಿನಾ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಆಚೆ ಕೋಣೆಯಲ್ಲಿ ಅವರಿಬ್ಬರ ಪಾಠ. ಸಕ್ಕರೆಯಲ್ಲಿ ಕರಿದ ಬಾಳೆಹಣ್ಣಿನ ವಾಸನೆ ಗೋಡೆಯ ಸಂದಿನಿಂದ ನನ್ನ ಮೂಗಿಗೆ ಬರುತ್ತಿತ್ತು. ಒಂದು ದಿನವಾದರೂ 'ಬನ್ನಿ ಮ್ಯಾಮ್, ಒಂದು ತಿನ್ನಿ' ಎಂದು ಕರೆದರೇ? ನಾನು ಮಾಡುವ ಕೆಲಸವಿಲ್ಲದಿದ್ದರೂ ಬೋರ್ಡು ಒರೆಸುತ್ತ ನಿಲ್ಲುತ್ತಿದ್ದೆ. ಮೈಯೆಲ್ಲ ಕಿವಿ.

"ಗಲಾಟೆ ಮಾಡಿದಾಗ ನೀನ್ಯಾಕೆ ಕಿರುಚ್ತೀಯಾ?" ಮಾನಾಂಗ್ ಕೇಳುತ್ತಿದ್ದರು. "ನಿನ್ನ ದನಿ ಇಳಿಸು. ಏನೋ ಗುಟ್ಟು ಹೇಳ್ತಿದಾಳೆ ಅಂತ ಅವೇ ಸುಮ್ಮನಾಗ್ತವೆ."

"ಆಗದೇ ಇದ್ರೆ ಮಾನಾಂಗ್?"

"ಆಗದೇ ಇದ್ರೆ ಮತ್ತೆ ಅಳು. ಅದು ನಿನಗೆ ಚೆನ್ನಾಗಿ ಬರುತ್ತೆ."

ಇಬ್ಬರೂ ನಕ್ಕರು. ನನಗೆ ಮೈ ಉರಿಯಿತು. ಮಾರನೆಯ ದಿನ ನನ್ನ ತರಗತಿಯಲ್ಲಿ ದನಿ ಇಳಿಸಿ ನೋಡಿದೆ. ಮಕ್ಕಳು ಕತ್ತು ಮುಂದೆ ಚಾಚಿ ಸುಮ್ಮನಾದರು. ಒಂಬತ್ತು ವರ್ಷ ನನ್ನ ಗಂಟಲು ಯಾತಕ್ಕೆ ಹಾಳಾಯಿತು ಎಂದು ಯೋಚಿಸಿ ಇನ್ನಷ್ಟು ಉರಿಯಿತು. ಪಕ್ಕದ ಮನೆಯ ಊಟವನ್ನು ಕಿಟಕಿಯಿಂದ ಕದ್ದು ತಿಂದ ಹಾಗೆ, ಹೊಟ್ಟೆ ತುಂಬಿದರೂ ರುಚಿ ಹತ್ತಲಿಲ್ಲ.

ಇನ್ನೊಂದು ಮಧ್ಯಾಹ್ನ ಕೇಳಿಸಿದ್ದು ಬೇರೆಯೇ ಮಾತು.

"ಈ ಕಾರ್ಡಲ್ಲಿ ಕೋಳಿ ಚಿತ್ರ ಬರೆದು ಕೆಳಗೆ ಮಾನೊಕ್ ಅಂತ ಬರೆದಿದೀಯಲ್ಲ, ಮಗು ಏನು ಓದ್ತು?"

"ಮಾನೊಕ್ ಅಂತಾನೇ ಓದ್ತು."

"ಓದಲಿಲ್ಲ. ಕೋಳಿ ನೋಡಿ ಕೋಳಿ ಅಂತು. ನಮ್ಮ ನಾಯಿನೂ ಕೋಳಿ ನೋಡಿ ಬೊಗಳುತ್ತೆ, ಅದಕ್ಕೆ ಓದೋಕೆ ಬರುತ್ತಾ? ಚಿತ್ರದ ಮೇಲೆ ಹೆಬ್ಬೆರಳಿಡು, ಆಮೇಲೆ ಕೇಳು."

"ಹೆಬ್ಬೆರಳಿಟ್ರೆ ಮಗು ಸುಮ್ಮನೆ ನಿಂತ್ಬಿಡುತ್ತೆ ಮಾನಾಂಗ್."

"ನಿಲ್ಲುತ್ತೆ. ಆಗ ನೀನು ಹೀಗೆ ಮಾಡ್ಬೇಕು. ನೋಡು ಇಲ್ಲಿ."

ಅಷ್ಟೇ. ಆಮೇಲೆ ಮಾತಿಲ್ಲ. ಅವರು ಏನೋ ಮಾಡಿ ತೋರಿಸುತ್ತಿದ್ದರು, ರಿಯಾಲಿನ್ 'ಓ, ಹಂಗಾ!' ಎನ್ನುತ್ತಿದ್ದಳು. ಗೋಡೆಗೆ ಕಿವಿ ಇದ್ದರೂ ಕಣ್ಣಿಲ್ಲವಲ್ಲ! ಗೋಡೆಯನ್ನು ಒದ್ದುಬಿಡೋಣ ಎನ್ನಿಸಿತು.

ನನ್ನ ಕಾರ್ಡುಗಳೆಂದರೆ ಶಾಲೆಗೇ ಹೆಮ್ಮೆ. ನೀರಿನ ಬಣ್ಣದಲ್ಲಿ ನಾನೇ ಬರೆದ ಮಾವು, ದೋಣಿ, ಏಡಿ, ಕೋಳಿ. ಬಲಗೈ ಎಡಗೈ ಪದ್ಧತಿಯನ್ನು ನಾನು ಇನ್ನೂ ಬಿಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಬಲಗೈ ಎತ್ತುವವರಲ್ಲೇ ಜಾಣೆಯಾದ ಲಿಗಾಯಾ ಎಂಬ ಹುಡುಗಿಯನ್ನು ಕರೆದು ಕೋಳಿಯ ಮೇಲೆ ಹೆಬ್ಬೆರಳಿಟ್ಟೆ. ಅವಳು ನನ್ನ ಹೆಬ್ಬೆರಳನ್ನು ನೋಡಿದಳು. ನನ್ನ ಮುಖ ನೋಡಿದಳು. ಬಾಯಿ ತೆರೆಯಲಿಲ್ಲ. ಇನ್ನೊಬ್ಬನನ್ನು ಕರೆದೆ. ಅವನೂ ಅಷ್ಟೇ. ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ಕರೆದೆ. ಎಡಗೈಯವರು ಇರಲಿ, ನನ್ನ ಬಲಗೈಯವರಲ್ಲೇ ಅರ್ಧಕ್ಕೆ ಅರ್ಧ ಓದುತ್ತಿರಲಿಲ್ಲ. ನನ್ನ ಚಿತ್ರ ನೋಡಿ ಹೇಳುತ್ತಿದ್ದರು.

ಹೆಬ್ಬೆರಳಿಟ್ಟ ಮೇಲೆ ಏನು ಮಾಡಬೇಕು? ಅದೊಂದು ಗೊತ್ತಾಗಬೇಕಿತ್ತು. ಗೊತ್ತಿದ್ದವರು ಗೋಡೆಯ ಆಚೆ ಕೂತು ಬಾಳೆಹಣ್ಣು ತಿನ್ನುತ್ತಿದ್ದರು, ಇನ್ನು ಕೆಲವು ತಿಂಗಳಿಗೆ ಹೊರಟುಹೋಗುವವರು.

ಸೋಮವಾರ ಧ್ವಜವಂದನೆ ಮುಗಿದ ಮೇಲೆ ತೆಂಗಿನಹಾಲಿನ ಬಿಬಿಂಗ್ಕಾ ಕಡುಬನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಮಾನಾಂಗ್ ಹತ್ತಿರ ಹೋದೆ. ನಾಲಿಗೆಯ ತುದಿಯಲ್ಲೇ ಇತ್ತು, 'ನನ್ನ ಮಕ್ಕಳಿಗೆ ಓದಲು ಬರುತ್ತಿಲ್ಲ' ಎಂಬ ಮಾತು.

"ಮಾನಾಂಗ್, ಬಿಸಿ ಇದೆ, ತಗೊಳ್ಳಿ. ಯಾವಾಗಾದ್ರೂ ನನ್ನ ಕ್ಲಾಸಿಗೂ ಬಂದು ಸ್ವಲ್ಪ ಕೂರಬಹುದಲ್ವಾ?"

ಅವರು ಕಡುಬನ್ನು ತೆಗೆದುಕೊಂಡರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮ ಕ್ಲಾಸಲ್ಲಿ ನನಗೇನು ಕೆಲಸ ಮ್ಯಾಮ್? ನಿಮ್ಮ ಮಕ್ಕಳು ಟೀಚರ್ ಬಾಯಿ ತೆರೆಯೋ ಮೊದಲೇ ಕೈ ಎತ್ತೋವ್ರು. ಹೇಳ್ಕೊಡೋಕೆ ಏನು ಉಳಿದಿದೆ?"

"ಹಂಗೇನಿಲ್ಲ..."

"ಇರಲಿ ಬಿಡಿ. ಕಡುಬು ಚೆನ್ನಾಗಿದೆ."

ಅಷ್ಟರಲ್ಲಿ ಆ ರಿಯಾಲಿನ್, "ಮಾನಾಂಗ್, ನನಗೂ ಒಂದು ಚೂರು!" ಎಂದು ಓಡಿಬಂದು ಬಾಳೆಲೆಗೇ ಕೈ ಹಾಕಿದಳು. ನಾನು ಮುಂಜಾನೆ ಎದ್ದು ಬೇಯಿಸಿದ ಕಡುಬನ್ನು ಅವಳು ಚಪ್ಪರಿಸಿಕೊಂಡು ತಿಂದಳು. ಬಾಯಲ್ಲಿ ತುಂಬಿಕೊಂಡೇ, "ಮ್ಯಾಮ್, ಉಪ್ಪು ಒಂಚೂರು ಕಡಿಮೆ" ಎಂದಳು. ಮಾನಾಂಗ್ ಅವಳ ಗಲ್ಲಕ್ಕೆ ಮೆತ್ತಿದ ತೆಂಗಿನ ತುರಿಯನ್ನು ಬೆರಳಿಂದ ಒರೆಸಿದರು. ನನಗೆ ಅವತ್ತೇ ನಿರ್ಧಾರವಾಗಿಹೋಯಿತು, ಈ ಹುಡುಗಿಯನ್ನು ಆ ಕೈಯಿಂದ ಬಿಡಿಸಬೇಕು ಎಂದು.

ದಾರಿ ತಾನಾಗಿಯೇ ಸಿಕ್ಕಿತು. ಜನವರಿಯಲ್ಲಿ ಈಗಿನ ಸೂಪರ್‌ವೈಸರ್ ಬರುವವರಿದ್ದರು, ರಿಯಾಲಿನ್ ಪಾಠ ತೋರಿಸಬೇಕಿತ್ತು. ಹೆದರಿ ಅವಳ ಮುಖ ಸಣ್ಣದಾಗಿತ್ತು. ಬಾವಿಕಟ್ಟೆಯ ಹತ್ತಿರ ಒಬ್ಬಳೇ ಸಿಕ್ಕಿದಾಗ ಪ್ರೀತಿಯಿಂದ ಹೆಗಲ ಮೇಲೆ ಕೈಹಾಕಿ ಬಲಗೈ ಎಡಗೈ ಉಪಾಯ ಹೇಳಿಕೊಟ್ಟೆ.

"ಅಯ್ಯೋ ಮ್ಯಾಮ್, ಎಂಥಾ ತಲೆ ನಿಮ್ದು!" ಎಂದು ಅವಳು ನನ್ನ ಕೈಯನ್ನೇ ಹಿಡಿದುಕೊಂಡಳು.

"ಯಾರಿಗೂ ಹೇಳ್ಬೇಡ ಮತ್ತೆ. ನಿನ್ನ ಮೇಲಿನ ಪ್ರೀತಿಗೆ ಹೇಳಿದ್ದು."

ಪ್ರೀತಿ! ನನ್ನ ಲೆಕ್ಕಾಚಾರವೇ ಬೇರೆ. ಸೂಪರ್‌ವೈಸರ್‌ಗೆ ಏನೂ ತಿಳಿಯುವುದಿಲ್ಲ. ಆದರೆ ಆ ಕೋಣೆಯಲ್ಲಿ ಯಾವ ಮಗುವಿಗೆ ಏನು ಬರುತ್ತದೆ ಎಂದು ಮಾನಾಂಗ್‌ಗೆ ಗೊತ್ತು. ಬಾರದ ಮಗುವಿನ ಕೈ ಮೇಲೇರಿದ ಕ್ಷಣವೇ ಅವರಿಗೆ ಹೊಳೆಯುತ್ತದೆ. ಮೋಸವನ್ನು ಅವರು ಕ್ಷಮಿಸುವವರಲ್ಲ. ಇಂದಾಯ್ ಅಂತೆ ಇಂದಾಯ್, ನೋಡೋಣ ಆಮೇಲೆ.

ಪಾಠದ ದಿನ ನಾನು ಹಿಂದಿನ ಬಾಗಿಲ ಹತ್ತಿರ ಶಾವಿಗೆಯ ಪಾತ್ರೆ ಕಾಯುತ್ತ ನಿಂತಿದ್ದೆ. ಹಿಂದಿನ ಸಾಲಿನಲ್ಲಿ ಸೂಪರ್‌ವೈಸರ್, ಹೆಡ್‌ಮಾಸ್ಟರು, ಮಾನಾಂಗ್. ರಿಯಾಲಿನ್ ಒಂದು ಪದವನ್ನು ತೋರಿಸಿ ಯಾರು ಓದುತ್ತೀರಿ ಎಂದಳು.

ಎದ್ದದ್ದು ಕೆಲವೇ ಕೈ. ಅಲ್ಲೊಂದು ಇಲ್ಲೊಂದು. ಸೂಪರ್‌ವೈಸರ್ ಹುಬ್ಬು ಗಂಟಿಕ್ಕಿದರು. ಹೆಡ್‌ಮಾಸ್ಟರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ಪೆದ್ದಿ, ಉಪಾಯ ಹೇಳಿಕೊಟ್ಟರೂ ಮಾಡಲು ಬರಲಿಲ್ಲವಲ್ಲ ಎಂದು ನಾನು ಮನಸ್ಸಿನಲ್ಲೇ ಹಲ್ಲು ಕಡಿದೆ.

ಅವಳು ಕೈ ಎತ್ತಿದವರ ಕಡೆ ತಿರುಗಿಯೂ ನೋಡಲಿಲ್ಲ. ಕೈ ಎತ್ತದೆ ಮೇಜಿನ ಕೆಳಗೆ ಮುಖ ಹುದುಗಿಸಿದ್ದ ಒಬ್ಬ ಹುಡುಗಿಯ ಹತ್ತಿರ ಹೋಗಿ ನೆಲದ ಮೇಲೆಯೇ ಕೂತಳು. ಚಿತ್ರವಿಲ್ಲದ ಕಾರ್ಡು. ಮಗುವಿನ ಬೆರಳನ್ನು ಮೊದಲ ಅಕ್ಷರದ ಮೇಲಿಟ್ಟಳು. ಆಮೇಲೆ ಸುಮ್ಮನಾದಳು. ಎಷ್ಟು ಹೊತ್ತು! ಹಿಂದೆ ಬೀಸಣಿಗೆಯ ಸದ್ದೂ ನಿಂತಿತು. ಅಷ್ಟು ಜನ ನೋಡುತ್ತಿರುವಾಗ ಯಾವ ಟೀಚರ್ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುತ್ತಾಳೆ? ನಾನಾಗಿದ್ದರೆ ಹತ್ತು ಸಲ ಉತ್ತರ ಹೇಳಿಬಿಟ್ಟಿರುತ್ತಿದ್ದೆ. ಮಗು "ಮ್ಮ್ಮ್" ಎಂದಿತು. ರಿಯಾಲಿನ್ ತಲೆಯಾಡಿಸಿದಳು, ಆ ಸದ್ದನ್ನು ಬಿಡದೆ ಹಿಡಿದುಕೊಂಡೇ ಬೆರಳನ್ನು ಮುಂದೆ ಸರಿಸು ಎಂದು ಸನ್ನೆ ಮಾಡಿದಳು. "ಮ್ಮ್ಮಾ..." ಮತ್ತೆ ಮೌನ. "ಮಾತಾ." ಕಣ್ಣು! ಮಗು ಕಾರ್ಡನ್ನು ಬಿಟ್ಟು ತನ್ನ ಕಣ್ಣನ್ನೇ ಮುಟ್ಟಿಕೊಂಡು ತೋರಿಸಿತು.

ಸೂಪರ್‌ವೈಸರ್ ಚಪ್ಪಾಳೆ ತಟ್ಟಿದರು. ಮಾನಾಂಗ್ ತಟ್ಟಲಿಲ್ಲ. ಹೆತ್ತ ಮಗಳನ್ನು ನೋಡುವ ಹಾಗೆ ರಿಯಾಲಿನ್‌ಳನ್ನು ನೋಡುತ್ತ ಕೂತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಮಗು ಓದಿತೆಂದಲ್ಲ. ನನ್ನನ್ನು ಯಾರೂ ಯಾವತ್ತೂ ಹಾಗೆ ನೋಡಿರಲಿಲ್ಲ.

ಎಲ್ಲರೂ ತಿಂದು ಹೋದ ಮೇಲೆ ನಾನು ಕೈಪಂಪಿನ ಹತ್ತಿರ ತಟ್ಟೆ ತೊಳೆಯುತ್ತಿದ್ದೆ. ಮಾನಾಂಗ್ ಬಂದು ಎದುರಿನ ಕಲ್ಲಿನ ಮೇಲೆ ಕೂತರು.

"ಗೊತ್ತಿದ್ರೆ ಬಲಗೈ, ಗೊತ್ತಿಲ್ದಿದ್ರೆ ಎಡಗೈ. ಅಲ್ವಾ?"

ಆ ಹುಡುಗಿಯ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ.

"ಅವಳು ಸಂತೋಷಕ್ಕೆ ಬಂದು ಹೇಳಿದ್ಲು. 'ಮ್ಯಾಮ್ ರೊಸೆಂಡಾ ಎಷ್ಟು ಒಳ್ಳೆಯವರು ಮಾನಾಂಗ್, ನನಗೊಂದು ಉಪಾಯ ಹೇಳ್ಕೊಟ್ರು' ಅಂತ. ಅದನ್ನ ಮಾಡ್ಬೇಡ ಅಂತ ಅವಳಿಗೆ ಹೇಳಿ ಕಳಿಸ್ದೆ. ಅವತ್ತು, ಆ ಹಳೇ ಸೂಪರ್‌ವೈಸರ್ ಬಂದಾಗ... ಅದೂ ಇದೇನಾ?"

"ಹೂಂ."

"ಪೂರ್ತಿ ಕ್ಲಾಸು?"

"ಅರ್ಧಕ್ಕಿಂತ ಹೆಚ್ಚು ಎಡಗೈ, ಮಾನಾಂಗ್."

ಅವರು ನನ್ನನ್ನೇ ನೋಡಿದರು. ಆಮೇಲೆ ನಗಲು ಶುರುಮಾಡಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅದು ನಗೆಯೋ ಇನ್ನೇನೋ ನನಗೆ ತಿಳಿಯದಾಯಿತು.

"ಅವತ್ತು ಆ ಮನುಷ್ಯ ನನಗೇನಂದ ಗೊತ್ತಾ? ನೀನು ನೀರು ತರೋಕೆ ಹೋದಾಗ, ಶಾವಿಗೆ ತಿಂತಾ ಎಲ್ರ ಎದುರಿಗೆ, 'ಕೊನ್ಸೊರ್ಸಿಯಾ, ನೀನು ಈ ಹುಡುಗಿ ಹತ್ರ ಕಲೀಬೇಕು' ಅಂದ. ನನಗೆ! ಕ್ರಿಸ್‌ಮಸ್ ತನಕ ಗುದ್ದಾಡಿದ್ರೂ ನನ್ನ ಕ್ಲಾಸಲ್ಲಿ ಅಷ್ಟು ಕೈ ಏಳಲ್ಲ. ನೀನು ಬಂದು ಎರಡು ತಿಂಗಳಾಗಿತ್ತು. ಮನೆಗೆ ಹೋಗಿ ಅನ್ನ ಮುಟ್ಟಲಿಲ್ಲ ಕಣೇ ನಾನು."

ನಾನು ಇನ್ನೊಂದು ತಟ್ಟೆ ಕೈಗೆತ್ತಿಕೊಂಡೆ.

"ಹೊಟ್ಟೆಕಿಚ್ಚು," ಎಂದರು ಮಾನಾಂಗ್. "ಒಂಬತ್ತು ವರ್ಷ. ನಿನ್ನ ಬಾಗಿಲ ಮುಂದೆ ಹೋಗುವಾಗ ಮುಖ ತಿರುಗಿಸ್ಕೊಂಡು ಹೋಗ್ತಿದ್ದೆ. ನಿನ್ನ ಮಕ್ಕಳಿಗೆ ಓದೋಕೆ ಬರಲ್ಲ ಅಂತ ಎರಡನೇ ಕ್ಲಾಸಿನ ಟೀಚರ್ ಬಂದು ಹೇಳಿದ್ರೆ, 'ನಿನಗೆ ಕಲಿಸೋಕೆ ಬರಲ್ಲ, ಅವಳ ಮೇಲೆ ಹೇಳ್ಬೇಡ' ಅಂತ ಅವಳನ್ನೇ ಬೈದು ಕಳಿಸ್ದೆ. ನೀನು ಒಂದು ದಿನ ಬಾಗಿಲು ತೆಗೆದಿಟ್ಟು ಅತ್ತಿದ್ರೆ ಸಾಕಿತ್ತಲ್ಲೇ!"

ಇಷ್ಟು ವರ್ಷ ನಾನು ಯಾರ ಕಣ್ಣಿಗೆ ಬೀಳಬೇಕೆಂದು ಒದ್ದಾಡಿದೆನೋ ಅವರು ನನ್ನನ್ನು ನೋಡಿ ಉರಿಯುತ್ತಿದ್ದರು. ಅದೂ ನನ್ನಲ್ಲಿ ಇಲ್ಲದ ಒಂದು ವಸ್ತುವಿಗಾಗಿ. ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ?

"ನನ್ನ ಮಕ್ಕಳಿಗೆ ಓದೋಕೆ ಬರಲ್ಲ ಮಾನಾಂಗ್," ಎಂದೆ ಕೊನೆಗೆ. "ಹೆಬ್ಬೆರಳಿಟ್ರೆ ಅರ್ಧ ಜನಕ್ಕೂ ಬರಲ್ಲ. ನಾಳೆಯಿಂದ ನನ್ನ ಕ್ಲಾಸಿಗೆ ಬನ್ನಿ. ಕಾಲಿಗೆ ಬೀಳ್ತೀನಿ."

ಅವರು ಮೊಣಕಾಲು ಒತ್ತಿಕೊಳ್ಳುತ್ತ ಎದ್ದರು. "ನನ್ನಿಂದ ಆಗಲ್ಲ. ನೆಲದ ಮೇಲೆ ಕೂರೋಕೆ ಈ ಕಾಲು ಒಪ್ಪಲ್ಲ, ನೆಲದ ಮೇಲೆ ಕೂರದೆ ಈ ಕೆಲಸ ಆಗಲ್ಲ. ಅವಳು ಬರ್ತಾಳೆ."

"ಯಾರು?"

"ಇಂದಾಯ್."

"ಅವಳಾ?" ನನ್ನ ದನಿ ಮುಗಿಲು ಮುಟ್ಟಿತು. "ಅವಳು ಬಂದು ಇನ್ನೂ ಒಂದು ವರ್ಷ ತುಂಬಿಲ್ಲ!"

"ನಿನಗೆ ಒಂಬತ್ತು ತುಂಬಿದೆ. ಏನಾಯ್ತು?"

ಅವರು ಹೋದ ಮೇಲೂ ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆಯುತ್ತ ಕೂತಿದ್ದೆ.

ಮರುದಿನ ಮಧ್ಯಾಹ್ನ ರಿಯಾಲಿನ್ ಬಾಯಲ್ಲಿ ಏನೋ ಅಗಿಯುತ್ತ ಬಂದು ನನ್ನ ತರಗತಿಯ ಹಿಂದೆ ಕೂತಳು. ಬೇರೆ ಮಕ್ಕಳನ್ನು ಕಳಿಸಿ ಲಿಗಾಯಾಳನ್ನು ಉಳಿಸಿಕೊಂಡಿದ್ದೆ. ನೆಲದ ಮೇಲೆ ಕೂತೆ. ನಾನೇ ಬರೆದ ಕೋಳಿಯನ್ನು ಕತ್ತರಿಯಿಂದ ಕತ್ತರಿಸಿ ತೆಗೆದಿದ್ದೆ. ಹುಡುಗಿಯ ಬೆರಳನ್ನು ಮೊದಲ ಅಕ್ಷರದ ಮೇಲಿಟ್ಟೆ. ಅವಳು ಸುಮ್ಮನೆ ನನ್ನನ್ನು ನೋಡಿದಳು. ಅವಳ ತುಟಿ ನಡುಗುವುದನ್ನು ನೋಡಲಾಗದೆ ನಾನು ಬಾಯಿ ತೆರೆದೆ.

"ಹೇಳ್ಬೇಡಿ ಮ್ಯಾಮ್," ಹಿಂದಿನಿಂದ ರಿಯಾಲಿನ್ ಅಂದಳು. ಥೇಟು ಮಾನಾಂಗ್ ದನಿ. "ಅವಳ ಪದ ಅದು. ನೀವು ಕಿತ್ಕೋಬೇಡಿ."

ಎದ್ದು ಹೋಗಿ ಅವಳ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಬಾಯಿ ಮುಚ್ಚಿದೆ. ಅಂಗಳದಲ್ಲಿ ಯಾರೋ ಮೋಟಾರ್ ಸೈಕಲ್ ಚಾಲೂ ಮಾಡಿ ಹೊರಟುಹೋದರು. ಹುಡುಗಿಯ ಹಣೆಯಲ್ಲಿ ಬೆವರು ಬಂತು. ಆಮೇಲೆ ಅವಳ ಬೆರಳು ತಾನಾಗಿಯೇ ಸರಿಯಿತು.

"ಮ್ಮ್ಮಾ... ನೊಕ್," ಎಂದಳು. ಎಂದವಳೇ ಕಾರ್ಡಿನಲ್ಲಿ ಕೋಳಿಗಾಗಿ ಹುಡುಕಿದಳು. ಕೋಳಿ ಇರಲಿಲ್ಲ. ಅಕ್ಷರಗಳನ್ನು ನೋಡಿದಳು, ನನ್ನನ್ನು ನೋಡಿದಳು, ಮುಖವೆಲ್ಲ ಅರಳಿತು. "ಮ್ಯಾಮ್, ಇದರಲ್ಲೇ ಇದೆ!"

ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ಒಂಬತ್ತು ವರ್ಷದಲ್ಲಿ ನನ್ನ ಎದುರಿಗೆ ಓದಲು ಬಾರದ ಮಗುವೊಂದು ಓದಿದ್ದನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ತಿರುಗಿ ನೋಡಿದರೆ ರಿಯಾಲಿನ್ ಹಲ್ಲು ಕಿರಿಯುತ್ತಿದ್ದಳು. ಅವಳನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ.

"ನಾಳೆಗೆ ಎಡಗೈ ಎತ್ತುವವರನ್ನ ಕರೀತೀನಿ," ಎಂದೆ ಅವಳಿಗೆ. "ಬೇಗ ಬಾ. ಬರುವಾಗ ಬಾಯಲ್ಲಿರೋದನ್ನ ನುಂಗಿ ಬಾ."